ಪಿಕಪ್‌ಗೆ ಹೆಚ್ಚುವರಿ ರಿವರ್ಸ್ ಲೈಟ್: ಬಲ್ಬ್, ಬಾರ್, ಮೂಲೆ ದೀಪ, ಕ್ಯಾಮೆರಾ, ಎಲ್ಲ ಹಾಕಿ ನೋಡಿದ ಮೇಲೆ

ಲೋಡ್ ತುಂಬಿದ ಪಿಕಪ್‌ನಲ್ಲಿ ಒಳಗಿನ ಕನ್ನಡಿ ಇದ್ದೂ ಇಲ್ಲದ ಹಾಗೆ. ಹಿಂದೆ ಮೂಟೆ, ಅದರ ಮೇಲೆ ಟಾರ್ಪಾಲ್. ಎರಡು ಬದಿಯ ಕನ್ನಡಿಯಲ್ಲಿ ಎಷ್ಟು ಸಿಗುತ್ತದೋ ಅಷ್ಟೇ ನಮ್ಮ ಪಾಲಿನ ನೋಟ. ರಿವರ್ಸ್ ಲೈಟ್ ಹಾಕಿಸಬೇಕು ಅಂದ ಕೂಡಲೇ ಎಲ್ಲರೂ ಎಷ್ಟು ವ್ಯಾಟ್, ಎಷ್ಟು ಲ್ಯೂಮೆನ್ ಅಂತ ಶುರು ಮಾಡುತ್ತಾರೆ. ನಾನಾದರೆ ಮೊದಲು ಕೇಳುವುದು ಬೇರೆ: ಆ ಬೆಳಕು ನನ್ನ ಕನ್ನಡಿ ನೋಡುವ ಜಾಗಕ್ಕೆ ಬೀಳುತ್ತದಾ, ಇಲ್ವಾ?

ನಮ್ಮದು ತೀರ್ಥಹಳ್ಳಿ ಕಡೆ. ಕೊಯ್ಲು ಶುರುವಾದರೆ ಹಸಿ ಅಡಿಕೆ ಗೊನೆ ತೋಟದಿಂದ ಸುಲಿಯುವ ಜಾಗಕ್ಕೆ ಬರುವುದು ಹೆಚ್ಚಾಗಿ ಕತ್ತಲಾದ ಮೇಲೇ. ತೋಟದ ರಸ್ತೆಯಲ್ಲಿ ಗಾಡಿ ತಿರುಗಿಸಲು ಜಾಗ ಇರುವುದಿಲ್ಲ. ತೋಟದ ಬಾಗಿಲಿನ ಉಣುಗೋಲು ದಾಟಿ ಒಳಗೆ ಹೋದರೆ ರಿವರ್ಸ್‌ನಲ್ಲೇ ಹೊರಗೆ ಬರಬೇಕು. ಒಂದು ಕಡೆ ಧರೆ, ಅಂದರೆ ಕಡಿದ ಮಣ್ಣಿನ ಗೋಡೆ, ಇನ್ನೊಂದು ಕಡೆ ಬಸಿಗಾಲುವೆ. ಮಳೆ ಬಂದಿದ್ದರೆ ಅಂಚಿನ ಮಣ್ಣು ಮೆತ್ತಗಾಗಿರುತ್ತದೆ. ಹಿಂದಿನ ಚಕ್ರ ಒಂದು ಗೇಣು ಆಚೆ ಹೋದರೂ ಟ್ರ್ಯಾಕ್ಟರ್ ಕರೆಸಬೇಕು. ಹಿಂದೆ ನಿಂತು ‘ಬರ್ಲಿ, ಬರ್ಲಿ... ಹೋಲ್ಡಾನ್!’ ಅನ್ನುವ ಹುಡುಗ ದಿನಾ ಸಿಗುವುದಿಲ್ಲ. ಸಿಕ್ಕರೂ ಮೊಬೈಲ್ ಟಾರ್ಚನ್ನು ನೇರ ನನ್ನ ಕನ್ನಡಿಗೇ ಬಿಡುತ್ತಾನೆ.

ಗಾಡಿಯ ಜೊತೆಗೇ ಬರುವ ರಿವರ್ಸ್ ದೀಪ ಹೆಚ್ಚಿನ ಗಾಡಿಗಳಲ್ಲಿ 21 ವ್ಯಾಟ್‌ನ ಹಳೇ ಮಾದರಿ ಬಲ್ಬ್. ಅದರ ಬೆಳಕು 460 ಲ್ಯೂಮೆನ್ ಆಸುಪಾಸು. ಮನೆಯ 9 ವ್ಯಾಟ್ ಎಲ್‌ಇಡಿ ಬಲ್ಬೇ ಇದರ ಹತ್ತಿರ ಹತ್ತಿರ ಎರಡರಷ್ಟು ಕೊಡುತ್ತದೆ. ಆ ದೀಪದ ಒಂದು ಮುಖ್ಯ ಕೆಲಸ ಹಿಂದಿರುವವರಿಗೆ ‘ಗಾಡಿ ಹಿಂದಕ್ಕೆ ಬರುತ್ತಿದೆ, ಸರಿಯಿರಿ’ ಅಂತ ಹೇಳುವುದು. ಬೀದಿ ದೀಪ ಇರುವ ಪೇಟೆಯಲ್ಲಿ ಅಷ್ಟು ಸಾಕು. ತೋಟದಲ್ಲಿ ಸಾಲದು.

ಪರೀಕ್ಷೆ ಅಂದರೆ ದೊಡ್ಡದೇನಲ್ಲ. ಒಣಗಿದ ಅಡಿಕೆ ಹಾಳೆಗಳನ್ನು ಬಸಿಗಾಲುವೆಯ ಅಂಚಿಗೆ ಸಾಲಾಗಿ ಇಟ್ಟೆ. ದಾರಿ ಮಧ್ಯೆ ಮುಷ್ಟಿ ಗಾತ್ರದ ಕಲ್ಲುಗಳು. ಲೋಡ್ ಇದ್ದಾಗ ಒಮ್ಮೆ, ಖಾಲಿ ಇದ್ದಾಗ ಒಮ್ಮೆ, ಮಳೆ ಹನಿಯುವಾಗ ಒಮ್ಮೆ ಸೀಟಿನಲ್ಲಿ ಕೂತು ಕನ್ನಡಿ ನೋಡಿದೆ. ಎಷ್ಟು ಹಾಳೆ ಕಾಣುತ್ತದೆ, ಕಲ್ಲು ಕಲ್ಲಾಗಿ ಕಾಣುತ್ತದಾ. ಕೆಳಗಿಳಿದು ನೋಡಿದರೆ ಎಲ್ಲ ದೀಪವೂ ಚೆಂದವೇ. ಸೀಟಿನಿಂದ ಏನು ಕಾಣುತ್ತದೆ ಅನ್ನುವುದೇ ಲೆಕ್ಕ.

ಬಲ್ಬ್ ಬದಲಿಸುವುದು

ಎಲ್ಲಕ್ಕಿಂತ ಸುಲಭ, ಅಗ್ಗ. ಲೆನ್ಸ್ ಬಿಚ್ಚಿ, ಹಳೇ ಬಲ್ಬನ್ನು ಒತ್ತಿ ತಿರುಗಿಸಿ ತೆಗೆದು, ಅದೇ ಜಾಗಕ್ಕೆ ಎಲ್‌ಇಡಿ ಬಲ್ಬ್ ಕೂರಿಸಿದರೆ ಮುಗೀತು. ನನಗೆ ಜೋಡಿಗೆ 300 ರೂಪಾಯಿ ಒಳಗೆ ಆಯಿತು. ಅಂಗಡಿಯಲ್ಲಿ 1156, ಸಿಂಗಲ್ ಕಾಂಟ್ಯಾಕ್ಟ್ ಅಂತ ಕೇಳಬೇಕು. ಬ್ರೇಕ್ ಲೈಟಿಗೆ ಬರುವ 1157 ಡಬಲ್ ಕಾಂಟ್ಯಾಕ್ಟ್. ನೋಡಲು ಅಣ್ಣ ತಮ್ಮ, ಆದರೆ ಹೋಲ್ಡರಿಗೆ ಕೂರುವುದಿಲ್ಲ. ಹಳೇ ಬಲ್ಬನ್ನು ಕೈಯಲ್ಲೇ ಹಿಡಿದುಕೊಂಡು ಹೋದರೆ ಈ ತಲೆನೋವೇ ಇಲ್ಲ.

ಬೆಳಕು ಬೆಳ್ಳಗಾಯಿತು, ಸ್ವಲ್ಪ ಜಾಸ್ತಿಯೂ ಆಯಿತು. ಆದರೆ ಹಿಂದೆ ಹತ್ತಿರದ ಎರಡು ಹಾಳೆ ಮಾತ್ರ ಸ್ಪಷ್ಟ, ಉಳಿದದ್ದು ಮಸುಕು. ಕಾರಣ ಸರಳ. ಆ ದೀಪದ ಒಳಗಿನ ಹೊಳಪು ಬಟ್ಟಲು ಒಂದೇ ಬಿಂದುವಿನಲ್ಲಿ ಉರಿಯುವ ತಂತಿಗಾಗಿ ಮಾಡಿದ್ದು. ಎಲ್‌ಇಡಿಯಲ್ಲಿ ಚಿಪ್‌ಗಳು ಕಡ್ಡಿಯ ಸುತ್ತ ಹರಡಿಕೊಂಡಿರುತ್ತವೆ. ಹಾಗಾಗಿ ಬೆಳಕು ಗುರಿಯಿಲ್ಲದೆ ಚೆಲ್ಲುತ್ತದೆ. ಅದೂ ನೇರ ಹಿಂದಕ್ಕೆ, ಅಂದರೆ ನನ್ನ ಎರಡೂ ಕನ್ನಡಿಗೆ ಕಾಣದ ಜಾಗಕ್ಕೆ. ಕೆಲವು ಹೊಸ ಗಾಡಿಗಳಲ್ಲಿ ಎಲ್‌ಇಡಿ ಕಡಿಮೆ ಕರೆಂಟ್ ಎಳೆಯುವುದನ್ನು ನೋಡಿ ಗಾಡಿಯ ಕಂಪ್ಯೂಟರ್ ‘ಬಲ್ಬ್ ಹೋಗಿದೆ’ ಅಂತ ತಿಳಿದುಕೊಳ್ಳುವುದೂ ಉಂಟು.

ಹಾಗಂತ ತೆಗೆದು ಬಿಸಾಡಲಿಲ್ಲ. ಎಪಿಎಂಸಿ ಯಾರ್ಡಿನಲ್ಲಿ, ಪೆಟ್ರೋಲ್ ಬಂಕಿನಲ್ಲಿ ಇಷ್ಟೇ ಸಾಕು. ಪೇಟೆಯಲ್ಲೇ ಓಡಾಡುವ ಗಾಡಿಯಾದರೆ ಇಲ್ಲಿಗೇ ನಿಲ್ಲಿಸಿ, ಮುಂದಿನದಕ್ಕೆ ದುಡ್ಡು ಹಾಕಬೇಡಿ.

ಬಾರ್ ಲೈಟ್: ಖಾಲಿ ಗಾಡಿಯ ರಾಜ

ಕ್ಯಾಬಿನ್ ಹಿಂದಿನ ಚೌಕಟ್ಟಿನ ಮೇಲೆ ಹಿಂದಕ್ಕೆ ಮುಖ ಮಾಡಿ 20 ಇಂಚಿನ ಎಲ್‌ಇಡಿ ಬಾರ್ ಹಾಕಿಸಿದೆ. ಡಬ್ಬದ ಮೇಲೆ 126 ವ್ಯಾಟ್ ಅಂತ ದೊಡ್ಡ ಅಕ್ಷರ. ಮಲ್ಟಿಮೀಟರ್ ಸಿಕ್ಕಿಸಿ ನೋಡಿದರೆ 12.6 ವೋಲ್ಟ್‌ಗೆ 3 ಆಂಪಿಯರ್‌ಗಿಂತ ಸ್ವಲ್ಪ ಜಾಸ್ತಿ. ಗುಣಿಸಿದರೆ 40 ವ್ಯಾಟ್ ಹತ್ತಿರ. ಹಾಗಾದರೆ 126 ಎಲ್ಲಿಂದ ಬಂತು? ಒಳಗೆ 42 ಚಿಪ್ ಇವೆ, ಒಂದೊಂದನ್ನು 3 ವ್ಯಾಟ್ ಅಂತ ಹಿಡಿದು ಗುಣಿಸಿದ್ದಾರೆ. ಅಗ್ಗದ ದೀಪಗಳ ಡಬ್ಬದ ಮೇಲಿನ ಲೆಕ್ಕ ಸಾಮಾನ್ಯವಾಗಿ ಹೀಗೇ. ಎಷ್ಟು ಆಂಪಿಯರ್ ಎಳೆಯುತ್ತದೆ ಅಂತ ಕೇಳಿ. ಅಂಗಡಿಯವರು ತಲೆ ಕೆರೆದುಕೊಂಡರೆ ಮೀಟರ್ ಹಿಡಿದು ನೋಡುವುದೇ ವಾಸಿ.

ಗಾಡಿ ಖಾಲಿ ಇದ್ದಾಗ ಈ ಬಾರ್ ನಿಜಕ್ಕೂ ಭರ್ಜರಿ. ಅಂಗಳ ಪೂರ್ತಿ ಬೆಳಕು. ಲೋಡ್ ಇಳಿಸುವಾಗಂತೂ ಇದಕ್ಕೆ ಸಮ ಇಲ್ಲ. ಆದರೆ ಮೂಟೆ ಏರಿಸಿ ಟಾರ್ಪಾಲ್ ಕಟ್ಟಿದ ಮೇಲೆ ಕಥೆಯೇ ಬೇರೆ. ಬೆಳಕು ಮೊದಲು ಬೀಳುವುದು ಟಾರ್ಪಾಲ್ ಮೇಲೆ. ನೀಲಿ ಟಾರ್ಪಾಲ್ ಫಳಫಳ ಹೊಳೆದು ಅದರ ಅಂಚು ಕನ್ನಡಿಯಲ್ಲಿ ಕಣ್ಣಿಗೆ ಹೊಡೆಯುತ್ತದೆ. ಹೊಳೆಯುವುದನ್ನು ನೋಡಿದ ಕಣ್ಣಿಗೆ ಅದರಾಚೆಯ ಕತ್ತಲು ಮೊದಲಿಗಿಂತ ಗಟ್ಟಿ.

ಇನ್ನೊಂದು ತೊಂದರೆ ನನಗೆ ನಿಧಾನಕ್ಕೆ ಅರ್ಥವಾಯಿತು. ದೀಪ ನನ್ನ ತಲೆಯ ಮೇಲೆಯೇ ಇದೆ. ನಾನು ನೋಡುವ ದಿಕ್ಕಿನಿಂದಲೇ ಬೆಳಕೂ ಹೋಗುತ್ತದೆ. ಆಗ ಕಲ್ಲಿನ ನೆರಳು ಕಲ್ಲಿನ ಹಿಂದೆಯೇ ಅಡಗಿಕೊಳ್ಳುತ್ತದೆ. ಗುಂಡಿ, ದಿಬ್ಬ, ಚಕ್ರದ ಜಾಡು ಎಲ್ಲ ಒಂದೇ ಸಮ ಕಾಣುತ್ತದೆ. ಸಾಕಷ್ಟು ಬೆಳಕಿದೆ, ಆದರೆ ನೆಲದ ಏರುತಗ್ಗು ಕಾಣುವುದಿಲ್ಲ. ಮಂಜಿನಲ್ಲಿ, ಜಡಿಮಳೆಯಲ್ಲಿ ಇನ್ನೂ ಕಷ್ಟ. ಕಣ್ಣಿನ ಸಾಲಿನಲ್ಲೇ ಇರುವ ದೀಪದ ಬೆಳಕು ಹನಿಗಳಿಗೆ ಬಡಿದು ಕಣ್ಣಿಗೇ ವಾಪಸ್ ಬರುತ್ತದೆ. ಎದುರಿಗೆ ಬಿಳಿ ಗೋಡೆ. ಆಗುಂಬೆ ಕಡೆಯ ಮಳೆಗಾಲ ಕಂಡವರಿಗೆ ಬಿಡಿಸಿ ಹೇಳಬೇಕಿಲ್ಲ.

ಅಕ್ಕಪಕ್ಕದವರ ಪಾಡು ಬೇರೆ. ಗುಡ್ಡದ ಮೇಲಿನ ಮನೆಯವರು ಒಂದಿನ ಸಿಕ್ಕು, ‘ನಿಮ್ಮ ಗಾಡಿ ಬಂದ್ರೆ ನಮ್ಮನೆ ಒಳಗೆ ಬೆಳಗಾಗ್ತದೆ ಮಾರಾಯ್ರೆ’ ಅಂದರು. ನಗುನಗುತ್ತಲೇ ಅಂದರು, ಆದರೆ ವಿಷಯ ತಲುಪಿತು.

ಅದೇ ಬಾರನ್ನು ಬಂಪರ್ ಕೆಳಗೆ ಮಧ್ಯಕ್ಕೆ ಇಳಿಸಿಯೂ ನೋಡಿದೆ. ಟಾರ್ಪಾಲ್ ಕಾಟ ತಪ್ಪಿತು, ನೆಲ ಸರಿಯಾಗಿ ಕಂಡಿತು. ಆದರೆ ಬೆಳಕು ಬಿದ್ದದ್ದು ಗಾಡಿಯ ಬೆನ್ನ ಹಿಂದೆ, ಕನ್ನಡಿಗೆ ಸಿಗದ ಜಾಗದಲ್ಲಿ. ಅಂಚಿನ ಹಾಳೆಗಳು ಹಾಗೇ ಕತ್ತಲಲ್ಲಿ.

ಮೂಲೆಗೊಂದು ಚೌಕ ದೀಪ

ಕೊನೆಗೆ ಉಳಿದದ್ದು ಇದು. 3 ಇಂಚಿನ ಚೌಕ ಎಲ್‌ಇಡಿ ದೀಪ, ಒಂದೊಂದು 18 ವ್ಯಾಟ್, ಬಂಪರಿನ ಎರಡು ತುದಿಗೆ ಒಂದೊಂದು, ಮೊಣಕಾಲಿನ ಎತ್ತರಕ್ಕೆ. ಎರಡೂ ಸೇರಿ ಆ ಬಾರಿನಷ್ಟೂ ಕರೆಂಟ್ ಎಳೆಯುವುದಿಲ್ಲ. ಕೆಲಸ ಮಾತ್ರ ಅದಕ್ಕಿಂತ ಎಷ್ಟೋ ಮೇಲು.

ಕೊಳ್ಳುವಾಗ ಫ್ಲಡ್ ಕೇಳಬೇಕು, ಸ್ಪಾಟ್ ಅಲ್ಲ. ಸ್ಪಾಟ್ ದೀಪ ಕಿರಿದಾದ ಕೋಲಿನ ಹಾಗೆ ದೂರಕ್ಕೆ ಹೊಡೆಯುತ್ತದೆ. ರಿವರ್ಸಿಗೆ ದೂರ ಏನು ಮಾಡಬೇಕು? ಎಂಟು ಹತ್ತು ಮೀಟರ್ ಸಾಕು, ಆದರೆ ಅಗಲ ಬೇಕು. ಅಂಗಡಿಯವನಿಗೆ ಗೊತ್ತಿಲ್ಲದಿದ್ದರೆ ಗೋಡೆಗೆ ಹಿಡಿದು ಹಚ್ಚಿಸಿ ನೋಡಿ. ಗುಂಡಗೆ ಒಂದೇ ಕಡೆ ಬಿದ್ದರೆ ಸ್ಪಾಟ್, ಗೋಡೆ ತುಂಬಾ ಹರಡಿದರೆ ಫ್ಲಡ್.

ಮೊದಲು ಎರಡನ್ನೂ ನೇರ ಹಿಂದಕ್ಕೆ ಮುಖ ಮಾಡಿ ಬಿಗಿದೆ. ಪರವಾಗಿಲ್ಲ ಅನ್ನಿಸಿತು. ಆಮೇಲೆ ಬೋಲ್ಟ್ ಸಡಿಲ ಮಾಡಿ, ಅವನ್ನು ಸ್ವಲ್ಪ ಸ್ವಲ್ಪವೇ ಹೊರಕ್ಕೆ ತಿರುಗಿಸುತ್ತಾ ಹೋದೆ. ತಮ್ಮ ದೀಪ ತಿರುಗಿಸುವುದು, ನಾನು ಸೀಟಿನಲ್ಲಿ ಕೂತು ಕನ್ನಡಿ ನೋಡುವುದು. ಮೂವತ್ತು ಡಿಗ್ರಿ ಹತ್ತಿರ ಬಂದಾಗ ಬಲಗಡೆ ಕನ್ನಡಿಯಲ್ಲಿ ಹಾಳೆಗಳ ಸಾಲು ಒಂದೊಂದಾಗಿ ಎದ್ದು ಬಂತು. ಹಿಂದಿನ ಚಕ್ರದ ಪಕ್ಕದಿಂದ ಶುರುವಾಗಿ ಕೊನೆಯ ಹಾಳೆಯವರೆಗೆ. ಬಸಿಗಾಲುವೆ ಒಂದು ಕಪ್ಪು ಪಟ್ಟಿಯಾಗಿ ಕಂಡಿತು. ಅದರ ತಳ ಕಾಣಲಿಲ್ಲ, ಕಾಣಬೇಕಾಗಿಯೂ ಇಲ್ಲ. ಚಕ್ರ ಆ ಕಪ್ಪಿನ ಕಡೆ ಹೋಗದಿದ್ದರೆ ಸಾಕು. ಅದಕ್ಕಿಂತ ಹೊರಕ್ಕೆ ತಿರುಗಿಸಿದಾಗ ಪಕ್ಕ ಚೆನ್ನಾಗಿ ಕಂಡು ಹಿಂದೆ ಮಧ್ಯದಲ್ಲಿ ಕತ್ತಲಾಯಿತು. ಮತ್ತೆ ಮೂವತ್ತರ ಹತ್ತಿರಕ್ಕೇ ತಂದು ಬಿಗಿದೆವು.

ಎಡಗಡೆ ದೀಪವನ್ನು ಬಲಗಡೆಗಿಂತ ತುಸು ಜಾಸ್ತಿ ಹೊರಕ್ಕೆ ತಿರುಗಿಸಿದ್ದೇನೆ. ನಮ್ಮ ಗಾಡಿಗಳಲ್ಲಿ ಡ್ರೈವರ್ ಬಲಕ್ಕೆ. ಎಡ ಕನ್ನಡಿ ಕಣ್ಣಿಂದ ದೂರ, ಅದರಲ್ಲಿ ಎಲ್ಲವೂ ಸಣ್ಣದಾಗಿ ಕಾಣುತ್ತದೆ. ಬಲಕ್ಕೆ ಬೇಕಾದರೆ ಕಿಟಕಿಯಿಂದ ತಲೆ ಹೊರಗೆ ಹಾಕಿ ನೋಡಬಹುದು, ಎಡಕ್ಕೆ ಆ ಸೌಕರ್ಯ ಇಲ್ಲ. ಹಾಗಾಗಿ ಎಡಕ್ಕೇ ಬೆಳಕಿನ ಪಾಲು ಜಾಸ್ತಿ.

ತಗ್ಗಿನಲ್ಲಿ ಇರುವ ದೀಪದ ದೊಡ್ಡ ಲಾಭ ನೆರಳು. ಬೆಳಕು ನೆಲದ ಮೇಲೆ ಓರೆಯಾಗಿ ಹೋಗುವುದರಿಂದ ಮುಷ್ಟಿ ಗಾತ್ರದ ಕಲ್ಲಿಗೂ ಮೊಳ ಉದ್ದದ ನೆರಳು. ಬಾರ್ ಲೈಟಿನಲ್ಲಿ ಕಾಣದೇ ಇದ್ದ ಜಾಡು ಇಲ್ಲಿ ಗೆರೆ ಎಳೆದ ಹಾಗೆ ಕಾಣುತ್ತದೆ. ಮಂಜು ಬಿದ್ದಾಗಲೂ ಅಷ್ಟು ತೊಂದರೆ ಇಲ್ಲ, ಯಾಕೆಂದರೆ ದೀಪ ಕಣ್ಣಿನಿಂದ ದೂರ ಇದೆ. ಮುಖವನ್ನು ತುಸು ಕೆಳಕ್ಕೆ ಬಾಗಿಸಿದ್ದರಿಂದ ಯಾರ ಕಣ್ಣಿಗೂ ಹೊಡೆಯುವುದಿಲ್ಲ. ಗುಡ್ಡದ ಮನೆಯವರೂ ಈಗ ನಿಶ್ಚಿಂತೆ.

ಇದರ ಕೊರತೆಗಳೂ ಇವೆ. ತಗ್ಗಿನಲ್ಲಿ ಇರುವುದರಿಂದ ಕೆಸರು ಮೆತ್ತಿಕೊಳ್ಳುತ್ತದೆ. ಮಳೆಗಾಲದಲ್ಲಿ ಲೋಡ್ ಮಾಡುವ ಮೊದಲು ಒಂದು ಬಟ್ಟೆ ಒರೆಸದೆ ಆಗುವುದಿಲ್ಲ. ದಿಬ್ಬಕ್ಕೆ ಹಿಂದಕ್ಕೆ ಏರಿಸುವಾಗ ಬಂಪರ್ ತುದಿ ನೆಲಕ್ಕೆ ಹತ್ತಿರ ಬರುತ್ತದೆ. ಬ್ರಾಕೆಟ್ ಚಾಸಿಯ ಅಡಿಗಿಂತ ಕೆಳಗೆ ಇಳಿದಿದ್ದರೆ ಖಂಡಿತ ಬಾಗುತ್ತದೆ. ಹಿಂದಿನ ಡೋರ್ ಪೂರ್ತಿ ಕೆಳಗೆ ಬಿಟ್ಟು ನೋಡಿ, ದೀಪಕ್ಕೆ ತಾಗದ ಹಾಗೆ ಜಾಗ ಗುರುತು ಮಾಡಿಕೊಳ್ಳಿ. ತೂತು ಹೊಡೆಯುವುದು ಆಮೇಲೆ.

ಡಬ್ಬದ ಮೇಲಿನ ಐಪಿ67 ಬಗ್ಗೆ ಒಂದು ಮಾತು. ಮೊದಲ ಅಂಕಿ 6 ಅಂದರೆ ಧೂಳು ಒಳಗೆ ಹೋಗುವುದಿಲ್ಲ. 7 ಅಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿದರೂ ತೊಂದರೆ ಇಲ್ಲ. ಬಸಿಗಾಲುವೆ ನೀರಿಗೆ ಅಷ್ಟು ಸಾಕು. ವಾಟರ್ ಸರ್ವಿಸ್‌ನವರು ಹತ್ತಿರದಿಂದ ಹೊಡೆಯುವ ಪ್ರೆಷರ್ ನೀರು ಬೇರೆಯೇ ಪರೀಕ್ಷೆ. ಅದಕ್ಕೆ ಐಪಿ69ಕೆ ಅಂತ ಬೇರೆ ದರ್ಜೆ ಇದೆ. ನನ್ನ ಮೊದಲ ಜೋಡಿಯಲ್ಲಿ ಒಂದಕ್ಕೆ ಸರ್ವಿಸ್ ಆದ ಮಾರನೇ ದಿನ ಗಾಜಿನ ಒಳಗೆ ಬೆವರು ಬಂತು, ತಿಂಗಳೊಳಗೆ ಅರ್ಧ ಚಿಪ್ ಸತ್ತವು. ಈಗ ಅಲ್ಲಿಗೆ ಹೋದರೆ ‘ದೀಪದ ಹತ್ತಿರ ಗನ್ ತರಬೇಡಪ್ಪ’ ಅಂತ ಮೊದಲೇ ಹೇಳುತ್ತೇನೆ.

ಹಳೇ ಕಾಲದ 55 ವ್ಯಾಟ್ ಹ್ಯಾಲೊಜೆನ್ ಗುಂಡು ದೀಪವನ್ನೂ ಇದೇ ಜಾಗಕ್ಕೆ ಹಾಕಿ ನೋಡಿದ್ದೆ, ಮನೆಯಲ್ಲಿ ಬಿದ್ದಿತ್ತು ಅಂತ. ಬೆಳಕಿನ ಬಣ್ಣ ಕಣ್ಣಿಗೆ ಹಿತ, ಕೆಂಪು ಮಣ್ಣು ಕೆಂಪಾಗೇ ಕಾಣುತ್ತದೆ. ಆದರೆ ಜೋಡಿಗೆ 9 ಆಂಪಿಯರ್ ಎಳೆಯುತ್ತದೆ. ಕಾದ ಗಾಜಿಗೆ ಗುಂಡಿಯ ತಣ್ಣೀರು ಸಿಡಿದರೆ ಬಿರುಕು ಗ್ಯಾರಂಟಿ ಅನ್ನುವ ಭಯ ಬೇರೆ. ತೆಗೆದುಬಿಟ್ಟೆ.

ವೈರಿಂಗ್‌ನಲ್ಲೂ ಮೂರು ದಾರಿ

ದೀಪಕ್ಕಿಂತ ಜಾಸ್ತಿ ವಾದ ಆಗಿದ್ದು ಇದಕ್ಕೆ. ರಿಲೇ ಬೇಕೋ ಬೇಡವೋ ಅಂತ. ರಿಲೇ ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಆಫ್ ಮಾಡುವ ಪುಟ್ಟ ಪೆಟ್ಟಿಗೆ. ಎಲೆಕ್ಟ್ರಿಷಿಯನ್ ಹುಡುಗ ಒಂದೇ ಹಟ: ‘ಅಣ್ಣ, ಸುಮ್ನೆ ಯಾಕೆ ರಿಲೇಗೆ ದುಡ್ಡು ಹಾಕ್ತೀರಿ? ರಿವರ್ಸ್ ವೈರಿಗೇ ಡೈರೆಕ್ಟ್ ಕೊಟ್ರೆ ಆಯ್ತು.’ ಆಗುತ್ತದೆ, ಸ್ವಲ್ಪ ದಿನ. ಆ ವೈರ್ ಬರುವುದು ಗೇರ್‌ಬಾಕ್ಸಿನಲ್ಲಿರುವ ಚಿಕ್ಕ ಸ್ವಿಚ್ಚಿನಿಂದ. 21 ವ್ಯಾಟ್ ಬಲ್ಬ್ ಒಂದಕ್ಕೆ 1.75 ಆಂಪಿಯರ್. ಅದರ ಮೇಲೆ ಮತ್ತೆ 3 ಆಂಪಿಯರ್ ಹೇರಿದರೆ ಫ್ಯೂಸ್ ಹೋಗಬಹುದು, ಇಲ್ಲಾ ಸ್ವಿಚ್ಚಿನ ಪಾಯಿಂಟ್ ನಿಧಾನಕ್ಕೆ ಸುಡಬಹುದು. ಎಷ್ಟೋ ಗಾಡಿಗಳಲ್ಲಿ ರಿವರ್ಸ್ ಹಾರ್ನ್, ಅದೇ ಆ ಹಾಡು ಹೇಳುವ ಪೆಟ್ಟಿಗೆ, ಅದೂ ಇದೇ ವೈರಿಗೆ ಜೋತುಬಿದ್ದಿರುತ್ತದೆ.

ಎರಡನೇ ದಾರಿ ಡ್ಯಾಶ್‌ಬೋರ್ಡಿನಲ್ಲಿ ಪ್ರತ್ಯೇಕ ಸ್ವಿಚ್. ಲೋಡ್ ಇಳಿಸುವಾಗ ಬೆಳಕು ಸಿಗುತ್ತದೆ, ಅದು ಅನುಕೂಲ. ಆದರೆ ಆರಿಸುವುದು ಮರೆತು ರಸ್ತೆಗೆ ಬಂದರೆ ಹಿಂದೆ ಬರುವವನ ಕಣ್ಣು ಕುಕ್ಕುತ್ತದೆ. ರಾತ್ರಿ ಬೈಕಿನವನಿಗಂತೂ ಅಪಾಯ.

ನಾನು ಮಾಡಿಸಿದ್ದು ರಿಲೇ. ಬ್ಯಾಟರಿಯಿಂದ 10 ಆಂಪಿಯರ್ ಫ್ಯೂಸ್ ಮೂಲಕ ರಿಲೇಯ 30ನೇ ಪಿನ್ನಿಗೆ, 87ರಿಂದ ದೀಪಕ್ಕೆ. ರಿವರ್ಸ್ ವೈರಿನಿಂದ ಒಂದು ಸಣ್ಣ ಎಳೆ 86ಕ್ಕೆ, 85 ಅರ್ಥಿಗೆ, ಅಂದರೆ ಗಾಡಿಯ ಕಬ್ಬಿಣದ ಮೈಗೆ. ರಿವರ್ಸ್ ಗೇರ್ ಬಿದ್ದರೆ ಮಾತ್ರ ದೀಪ. ಗೇರ್‌ಬಾಕ್ಸ್ ಸ್ವಿಚ್ ಮೇಲೆ ರಿಲೇ ಕಾಯಿಲ್‌ನ ಅಲ್ಪ ಭಾರ ಅಷ್ಟೇ. 86ಕ್ಕೆ ಹೋಗುವ ಎಳೆಯಲ್ಲಿ ಒಂದು ಚಿಕ್ಕ ಸ್ವಿಚ್ ಇಟ್ಟಿದ್ದೇನೆ. ಪೇಟೆಯಲ್ಲಿ ಬೇಡ ಅನ್ನಿಸಿದರೆ ಅದನ್ನು ಆಫ್ ಮಾಡಿದರೆ ಮೂಲ ದೀಪ ಮಾತ್ರ ಉರಿಯುತ್ತದೆ. ಫ್ಯೂಸ್ ಬ್ಯಾಟರಿ ಪಕ್ಕದಲ್ಲೇ ಇರಬೇಕು, ದೀಪದ ಹತ್ತಿರ ಅಲ್ಲ. ಚಾಸಿಗೆ ಉಜ್ಜಿ ವೈರ್ ಶಾರ್ಟ್ ಆದರೆ ಕಾಪಾಡುವುದು ಅದೊಂದೇ. ವೈರ್ 1.5 ಚದರ ಮಿ.ಮೀ. ತಾಮ್ರದ್ದಾದರೆ ಇಷ್ಟು ದೂರಕ್ಕೆ, ಇಷ್ಟು ಕರೆಂಟಿಗೆ ಧಾರಾಳ ಸಾಕು.

ಅರ್ಥ್ ಕೊಡುವಾಗ ಬೋಲ್ಟ್ ಸುತ್ತ ಪೇಂಟ್ ಕೆರೆದು ಕಬ್ಬಿಣ ಹೊಳೆಯುವ ತನಕ ಉಜ್ಜಬೇಕು. ಎಷ್ಟೋ ಕಡೆ ‘ದೀಪ ಡಿಮ್’ ಅನ್ನುವ ದೂರಿನ ಮೂಲ ಇಲ್ಲೇ. ದೀಪದ ವೈರ್ ಮೊದಲು ಕೆಳಗೆ ಇಳಿದು ಆಮೇಲೆ ಮೇಲೆ ಹೋಗುವ ಹಾಗೆ ಬಿಟ್ಟರೆ ಮಳೆ ನೀರು ಕನೆಕ್ಟರಿಗೆ ಹರಿಯದೆ ಅಲ್ಲೇ ತೊಟ್ಟಿಕ್ಕುತ್ತದೆ. ಅಗ್ಗದ ಎಲ್‌ಇಡಿಯ ಇನ್ನೊಂದು ಚೇಷ್ಟೆ ರೇಡಿಯೋ. ಬಾರ್ ಇದ್ದಾಗ ರಿವರ್ಸ್ ಹಾಕಿದರೆ ಸಾಕು, ಭದ್ರಾವತಿ ಆಕಾಶವಾಣಿ ಕರ್ರ್ ಅಂತಿತ್ತು. ಚೌಕ ದೀಪದಲ್ಲಿ ಆ ಗಲಾಟೆ ಇಲ್ಲ.

ಕ್ಯಾಮೆರಾ ಇದ್ದರೆ ದೀಪ ಯಾಕೆ?

ಈ ಪ್ರಶ್ನೆ ಎಲ್ಲರೂ ಕೇಳುತ್ತಾರೆ. ಹಾಕಿ ನೋಡಿದೆ. ಕ್ಯಾಮೆರಾದ ಸುತ್ತ ಇರುವ ಪುಟ್ಟ ಎಲ್‌ಇಡಿಗಳನ್ನು ತೋರಿಸಿ ‘ನೈಟ್ ವಿಷನ್’ ಅಂತ ಮಾರುತ್ತಾರೆ. ತೋಟದ ಕತ್ತಲಲ್ಲಿ ಅದು ಒಂದು ಮೀಟರ್ ಆಚೆಗೆ ಬರೀ ಚುಕ್ಕೆಚುಕ್ಕೆ. ಮೂಲೆ ದೀಪ ಹೊತ್ತಿಸಿದ ಕೂಡಲೇ ಅದೇ ಕ್ಯಾಮೆರಾದಲ್ಲಿ ಚಿತ್ರ ಸ್ವಚ್ಛ. ಅಂದರೆ ಕ್ಯಾಮೆರಾ ಇದ್ದರೂ ದೀಪ ಬೇಕೇ ಬೇಕು. ಆದರೆ ಕನ್ನಡಿಗೆ ಸಿಗದ ಮಧ್ಯದ ಜಾಗ, ಅಲ್ಲಿ ನಿಂತಿರಬಹುದಾದ ಮಗು, ಮಲಗಿದ ನಾಯಿ, ಇದನ್ನು ತೋರಿಸುವುದು ಕ್ಯಾಮೆರಾ ಮಾತ್ರ. 2019ರ ಜುಲೈನಿಂದ ಹೊಸ ಕಾರುಗಳಿಗೆ, ಹಿಂದೆ ಅಡ್ಡ ಏನಾದರೂ ಇದ್ದರೆ ಬೀಪ್ ಅನ್ನುವ ರಿವರ್ಸ್ ಸೆನ್ಸರ್ ಕಡ್ಡಾಯ ಮಾಡಿದ್ದು ಸುಮ್ನೆ ಅಲ್ಲ. ಅಂಗಳದಲ್ಲಿ ಮಕ್ಕಳು ಓಡಾಡುವ ಮನೆಯಾದರೆ, ದುಡ್ಡು ಒಂದಕ್ಕೇ ಇದ್ದರೆ, ನಾನು ಕ್ಯಾಮೆರಾಗೇ ಹಾಕು ಅನ್ನುತ್ತೇನೆ, ಜೊತೆಗೆ ಆ 300 ರೂಪಾಯಿಯ ಬಲ್ಬ್. ತೋಟದ ದಾರಿಯೇ ಗತಿ ಅನ್ನುವವರಿಗೆ ಮೂಲೆ ದೀಪ ಮೊದಲು.

ಪೊಲೀಸ್, ಆರ್‌ಟಿಒ

ಗಾಡಿ ಹಿಂದಕ್ಕೆ ಬಿಳಿ ಬೆಳಕು ಬಿಡುವುದು ರಿವರ್ಸ್ ಗೇರ್‌ನಲ್ಲಿ ಇದ್ದಾಗ ಮಾತ್ರ ಸರಿ. ಅಂತರರಾಷ್ಟ್ರೀಯ ನಿಯಮ ಯುಎನ್ ಆರ್48 ಪ್ರಕಾರ ರಿವರ್ಸ್ ದೀಪ ನೆಲದಿಂದ 250 ಮಿ.ಮೀ.ಗಿಂತ ಕೆಳಗೆ, 1,200 ಮಿ.ಮೀ.ಗಿಂತ ಮೇಲೆ ಇರಬಾರದು. ಮೊಣಕಾಲೆತ್ತರದ ದೀಪ ಅದರೊಳಗೆ ಬರುತ್ತದೆ, ಕ್ಯಾಬಿನ್ ಮೇಲಿನ ಬಾರ್ ಬರುವುದಿಲ್ಲ. ನಮ್ಮಲ್ಲಿ 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 182ಎ ಕಲಮಿನ ಪ್ರಕಾರ, ಕಾಯ್ದೆ ಒಪ್ಪದ ಬದಲಾವಣೆ ಒಂದೊಂದಕ್ಕೂ ಮಾಲೀಕನಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. 2024ರ ಜುಲೈನಲ್ಲಿ ರಾಜ್ಯದ ಪೊಲೀಸರು ಕಣ್ಣು ಕುಕ್ಕುವ ಎಲ್‌ಇಡಿ ದೀಪಗಳ ಮೇಲೆ ಕೇಸು ಹಾಕಲು ಹೊರಟಾಗ ಬಾರ್ ಲೈಟ್ ಇದ್ದವರೆಲ್ಲ ಸ್ಪ್ಯಾನರ್ ಹುಡುಕಿದ್ದು ನೆನಪಿದೆ.

ಸರಕು ಗಾಡಿಗೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್‌ಸಿ, ಅಂದರೆ ಫಿಟ್‌ನೆಸ್ ತಪಾಸಣೆ, ಇದ್ದೇ ಇದೆ. ಅದಕ್ಕೇ ಬ್ರಾಕೆಟ್ ವೆಲ್ಡಿಂಗ್ ಮಾಡಿಸಲು ಹೋಗಬೇಡಿ, ಬೋಲ್ಟ್‌ನಲ್ಲೇ ನಿಲ್ಲಿಸಿ. ಅಲುಗಾಟಕ್ಕೆ ಸಡಿಲ ಆಗದ ನೈಲಾಕ್ ನಟ್ ಹಾಕಿಸಿ. ವೈರಿನ ಮಧ್ಯೆ ನೀರು ಹೋಗದ ಕಪ್ಲರ್ ಇರಲಿ. ಇನ್ಸ್‌ಪೆಕ್ಟರ್ ‘ಇದು ಬೇಡ’ ಅಂದರೆ ಅಲ್ಲೇ ನಿಂತು ಎರಡು ಬೋಲ್ಟ್ ಬಿಚ್ಚಿ, ಕಪ್ಲರ್ ಎಳೆದು, ದೀಪವನ್ನು ಸೀಟಿನ ಕೆಳಗೆ ಇಡಬಹುದು. ವೆಲ್ಡಿಂಗ್ ಮಾಡಿಸಲೇಬೇಕು ಅಂತಾದರೆ ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿಸಿ, ಇಲ್ಲದಿದ್ದರೆ ಗಾಡಿಯ ಕಂಪ್ಯೂಟರಿಗೆ (ಇಸಿಯು) ಏಟು ಬೀಳಬಹುದು.